ಹವಳದ ರಾಯರು

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ಬಂದವಲ್ಲ, ಅಂದಿನಿಂದ ದೆಹಲಿಯ ಹೌಸಿಂಗ್ ಸೊಸೈಟಿಗಳಲ್ಲಿ ಮೀನುಪಂಡಿತರ ಕಾಟ ಹೆಚ್ಚಿದೆ. ದ್ವಾರಕಾದಲ್ಲಿ ನಮ್ಮ ಪಾಲಿಗೆ ಬಂದವರು ರಾಯರು. ಕನ್ನಡದವರಾದ್ದರಿಂದ ನನಗಂತೂ ಬಿಡುಗಡೆಯಿಲ್ಲ.

ಲಕ್ಷದ್ವೀಪದ ಪರ್ಮಿಟ್ಟಿನ ಗೋಜು ಬೇಡವೆಂದು ಅವರು ಹೋದದ್ದು ಅಂಡಮಾನಿಗೆ. ನಾವು ಹ್ಯಾವ್‌ಲಾಕ್ ಅಂದರೆ, "ಸ್ವರಾಜ್ ದ್ವೀಪ ಅನ್ನಿ, 2018ರಲ್ಲೇ ಹೆಸರು ಬದಲಾಗಿದೆ" ಎಂದು ತಿದ್ದುತ್ತಾರೆ. ಈಜು ಬಾರದು. ಲೈಫ್ ಜಾಕೆಟ್ ತೊಟ್ಟು, ಗೈಡ್ ಹುಡುಗ ಎಳೆದತ್ತ ಬೋರಲಾಗಿ ತೇಲಿದರಂತೆ. ಕೈಯಲ್ಲಿ ಗೋಪ್ರೋ ಮಾತ್ರ ಇತ್ತು.

"ಬನ್ನಿ, ಕಾಫಿ ಕುಡಿಯೋಣ" ಎಂದರೆ ಟಿವಿಗೆ ಫೋನು ಜೋಡಿಸಿ ಆಗಿದೆ ಎಂದೇ ಅರ್ಥ. ಮೊದಲ ಚಿತ್ರ ನೀಲಿ. ಎರಡನೆಯದು ಇನ್ನಷ್ಟು ನೀಲಿ. ಮೂರನೆಯದು ಅವರದೇ ಹೆಬ್ಬೆರಳು. "ಎಡಗಡೆ ಮೂಲೆಯಲ್ಲಿ ಬಾಲ ಕಾಣ್ತಾ? ಪ್ಯಾರಟ್ ಫಿಶ್ಶು. ಹವಳ ಕಡಿದು ತಿಂದು ಹಿಂದಿನಿಂದ ಮರಳು ಬಿಡ್ತದೆ. ನೀವು ಬೀಚಲ್ಲಿ ಉರುಳಾಡೋದು ಅದರ ಮೇಲೇ!" ಬಾಯಿಗೆ ಹೊರಟಿದ್ದ ಕೋಡುಬಳೆಯನ್ನು ತಟ್ಟೆಗೆ ಹಾಕಿದೆ. ನನ್ನವಳು "ಎಲ್ಲಾ ಯಾಕಿಷ್ಟು ನೀಲಿ?" ಎಂದು ಕೇಳಿಬಿಟ್ಟಳು. ನೀರು ಮೊದಲು ನುಂಗುವುದೇ ಕೆಂಪು ಬೆಳಕನ್ನು, ಅದಕ್ಕೆ ಕೆಂಪು ಫಿಲ್ಟರು ಬೇಕು ಎಂಬ ಪಾಠ ಮುಗಿಯುವಷ್ಟರಲ್ಲಿ ಕಾಫಿ ಆರಿತ್ತು. ಆಮೇಲೆ ಕ್ಲೌನ್ ಫಿಶ್: ಹುಟ್ಟುವಾಗ ಎಲ್ಲವೂ ಗಂಡು, ಯಜಮಾನಿ ಸತ್ತರೆ ಗಂಡನೇ ಹೆಣ್ಣಾಗಿ ಪಟ್ಟಕ್ಕೇರುತ್ತಾನೆ. ಇದನ್ನು ಹೇಳುವಾಗ ರಾಯರು ಅಡುಗೆಮನೆಯತ್ತ ನೋಡಿ ದನಿ ತಗ್ಗಿಸುತ್ತಾರೆ.

ಒಳ್ಳೆಯ ಮನುಷ್ಯ. ನನಗೆ ಜ್ವರ ಬಂದರೆ ಗಂಜಿ ಕಳಿಸುತ್ತಾರೆ. ಗಂಜಿಯ ಬೆನ್ನಿಗೇ ವಾಟ್ಸಾಪಿನಲ್ಲಿ ಸಮುದ್ರಸೌತೆಯ ಫೋಟೋ ಬರುತ್ತದೆ, ಅದು ಬೇರೆ ಮಾತು.

ನವೆಂಬರಿನಲ್ಲಿ ಎಕ್ಯೂಐ 400 ದಾಟಿದ ದಿನ ಬಾಲ್ಕನಿಯಲ್ಲಿ ಸ್ನಾರ್ಕೆಲ್ ಕಚ್ಚಿಕೊಂಡು ನಿಂತಿದ್ದರು. ನಕ್ಕೆ. ಕೊಳವೆ ತೆಗೆದು, "ನಗಾಡಬೇಡಿ ಮಾರಾಯ್ರೆ, ಈ ವರ್ಷ ನಾನು ಸರಿಯಾಗಿ ಉಸಿರಾಡಿದ್ದು ನೀರಿನಲ್ಲಿ ಮುಖ ಇಟ್ಟಾಗಲೇ" ಎಂದರು. ಕೆಮ್ಮುತ್ತಲೇ ಒಪ್ಪಿಕೊಂಡೆ.

ರಾಯರು ಹುಟ್ಟಿದ್ದು ಹೊನ್ನಾವರದಲ್ಲಿ. ಸಮುದ್ರಕ್ಕಿಳಿದರೆ ಕಾಲು ಮುರಿಯುತ್ತೇನೆಂದು ಅಮ್ಮ ಹೆದರಿಸಿ ಬೆಳೆಸಿದ್ದರಂತೆ. ಅಲ್ಲಿಂದ ಮುರ್ಡೇಶ್ವರ ಬಸ್ಸಿನಲ್ಲಿ ತಾಸಿನೊಳಗಿನ ದಾರಿ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಿದೆ. ಅಲ್ಲೂ ಹವಳವಿದೆ, ಬಣ್ಣದ ಮೀನಿದೆ. ಕೇಳಿದರೆ, "ಅದು ನಮ್ಮೂರ ಕಡೇದು ಬಿಡಿ, ಯಾವಾಗ ಬೇಕಾದ್ರೂ ಹೋಗಬಹುದು" ಎನ್ನುತ್ತಾರೆ. ಮೂವತ್ತು ವರ್ಷದಿಂದ ದೆಹಲಿಯಲ್ಲೇ ಇದ್ದಾರೆ.

ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ದೋಣಿ ಹೊರಡುತ್ತದೆ, ರಾಯರೇ. ಈ ಸಲ ಹೋಗಿಬನ್ನಿ. ಫೋಟೋ ಮಾತ್ರ ಹತ್ತಕ್ಕಿಂತ ಹೆಚ್ಚು ಬೇಡ.