ಹಿಂಡಿಚೀಲ ಮೀಮಾಂಸೆ

ವಿಷಯ

ಬೆಂಗಳೂರಿನ ಹೊರವಲಯದ ಇತಿಹಾಸವನ್ನು ವಿದ್ವಾಂಸರು ಇದುವರೆಗೆ ಕಲ್ಲಿನಲ್ಲೇ ಹುಡುಕಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ಪಕ್ಕಕ್ಕೆ ತಿರುಗಿದರೆ ಬೇಗೂರು. ಅಲ್ಲಿಯ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನದಲ್ಲಿ ಬೆಂಗಳೂರಿನ ಹೆಸರು ಕಂಡು ನಾಡೇ ಸಂಭ್ರಮಿಸಿತು. ಆ ಸೀಮೆಯ ಕೊಟ್ಟಿಗೆಗಳಲ್ಲಿ ಮಡಿಸಿಟ್ಟ ಪಶು ಆಹಾರದ ಚೀಲವನ್ನು ಮಾತ್ರ ಯಾರೂ ಓದಲಿಲ್ಲ. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂಬ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣ ಸಚಿವ ಬಸವಲಿಂಗಪ್ಪನವರ ಕುರ್ಚಿಯನ್ನೇ ಕಳೆಯಿತು. ಆಗಲೂ ಬೂಸಾ ತುಂಬಿ ಬಂದ ಚೀಲವನ್ನು ವಿಚಾರಿಸಿದವರಿಲ್ಲ.

ಅದೂ ಶಾಸನವೇ. ನೆತ್ತಿಯಲ್ಲಿ ಲಾಂಛನ, ನಡುವೆ ಹಸುವಿನ ಚಿತ್ರ, ಕೆಳಗೆ ‘ನಿವ್ವಳ ತೂಕ 50 ಕೆ.ಜಿ.’ ಎಂಬ ದತ್ತಿಯ ಪ್ರಮಾಣ, ಆಮೇಲೆ ಕಚ್ಚಾ ಪ್ರೋಟೀನು, ಕಚ್ಚಾ ನಾರು, ಆಮ್ಲದಲ್ಲಿ ಕರಗದ ಬೂದಿ ಎಂಬ ಪ್ರಶಸ್ತಿ ಭಾಗ, ಕೊನೆಗೆ ಐಎಸ್ 2052ರ ಸಾಕ್ಷಿ. ಇಲ್ಲದ್ದು ಶಾಪಾಶಯವೊಂದೇ. ಚೀಲ ಕಳೆದುಹೋದ ದಿನ ಅದನ್ನು ಮನೆಯ ಅಜ್ಜಿ ಬಾಯಿಮಾತಿನಲ್ಲಿ ಪೂರೈಸುತ್ತಾರೆ.

ಸಂಶಯ

ಬರಿದಾದ ಚೀಲವನ್ನು ಕೈಚೀಲವಾಗಿ ಹೊಲಿಸುವಾಗ ಅಕ್ಷರ ಒಳಗಿರಬೇಕೋ, ಹೊರಗಿರಬೇಕೋ? ಇಲ್ಲಿ ಎರಡು ಪಂಥಗಳಿವೆ. ಆನೇಕಲ್, ಸರ್ಜಾಪುರ ಕಡೆಯ ಅಂತರ್ಲಿಪಿ ಪಂಥದವರು ಹಸು ಒಳಗೆ ಹೋಗುವಂತೆ ತಿರುಗಿಸಿ ಹೊಲಿಸುತ್ತಾರೆ. ಮದುವೆಮನೆಗೆ ತೆಂಗಿನಕಾಯಿ ಒಯ್ಯುವಾಗ ನಾಲ್ಕು ಜನ ಏನಂದಾರು? ವೈಟ್‌ಫೀಲ್ಡ್ ಅಪಾರ್ಟ್‌ಮೆಂಟುಗಳ ಬಹಿರ್ಲಿಪಿ ಪಂಥದವರಿಗೆ ಹಸು ಕಾಣಲೇಬೇಕು. ಇಲ್ಲದಿದ್ದರೆ ಕೊಟ್ಟ ದುಡ್ಡು ದಂಡ. ಮೊದಲನೆಯವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾರೆ, ಎರಡನೆಯವರು ಆ್ಯಪ್‌ನಲ್ಲಿ.

ಪೂರ್ವಪಕ್ಷ

ಪ್ರತಿವಾದಿ ಹೇಳುತ್ತಾನೆ: ‘ಇದೂ ಪ್ಲಾಸ್ಟಿಕ್ಕೇ ತಾನೆ? ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲವನ್ನು 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನಿಗೂ ತಡೆ ಬಿತ್ತು. ಸಾಲದ್ದಕ್ಕೆ ನಮ್ಮ ಕಂಪನಿಯಲ್ಲಿ ಸೆಮಿನಾರಿಗೊಂದು ಬಟ್ಟೆಚೀಲ ಪುಕ್ಕಟೆ.’ ನಿಜ. ಭೂಮಿ ಉಳಿಸಿರೆಂದು ಬರೆದ ಆ ಚೀಲಗಳನ್ನು ಇಡಲು ಅವನು ಇನ್ನೊಂದು ಬೀರು ಕೊಂಡಿದ್ದಾನೆ.

ಸಿದ್ಧಾಂತ

ಪ್ಲಾಸ್ಟಿಕ್ ಹೌದು, ಹೆಸರು ಪಾಲಿಪ್ರೊಪಿಲೀನ್. ಇಂಥ ಪಾಲಿಮರುಗಳ ಮೇಲಿನ ಕೆಲಸಕ್ಕೆ ಜೀಗ್ಲರ್ ಮತ್ತು ನಟ್ಟಾ 1963ರಲ್ಲಿ ನೊಬೆಲ್ ಪಡೆದರು. ಅಷ್ಟು ಓದಿನಿಂದ ಹುಟ್ಟಿದ ವಸ್ತುವನ್ನು ಒಂದೇ ಸಲ ಬಳಸಿ ಬಿಸಾಡುವುದು ವಿದ್ಯೆಗೆ ಅವಮಾನ. ಐವತ್ತು ಕಿಲೋ ಹೊತ್ತು, ಲಾರಿಯಿಂದ ದೊಪ್ಪನೆ ಬಿದ್ದೂ ಹರಿಯದ ಚೀಲಕ್ಕೆ ಎರಡು ಕಿಲೋ ಈರುಳ್ಳಿ ಯಾವ ಲೆಕ್ಕ? ಪರದೇಶದ ಪ್ರಮಾಣವೂ ಉಂಟು. 1930ರ ದಶಕದ ಅಮೆರಿಕದಲ್ಲಿ ರೈತ ಹೆಂಗಸರು ಹಿಟ್ಟು, ಕೋಳಿ ಆಹಾರಗಳ ಹತ್ತಿಚೀಲದಲ್ಲಿ ಮಕ್ಕಳಿಗೆ ಲಂಗ ಹೊಲಿದರು. ಕಂಪನಿಗಳು ಪೈಪೋಟಿಯ ಮೇಲೆ ಹೂವಿನ ಚಿತ್ತಾರದ ಚೀಲ ತಂದವು, ತಮ್ಮ ಹೆಸರನ್ನು ಮಾತ್ರ ತೊಳೆದರೆ ಹೋಗುವ ಶಾಯಿಯಲ್ಲಿ ಅಚ್ಚುಹಾಕಿದವು. ಆದ್ದರಿಂದ ಅಂತರ್ಲಿಪಿ ಪಂಥ ಅಂತರರಾಷ್ಟ್ರೀಯವಾದದ್ದು.

ಇನ್ನು ವಿಧಿ. ಚೀಲದ ಬಾಯಿಗೆ ಹಾಕಿರುವುದು ಸರಪಳಿ ಹೊಲಿಗೆ. ಸರಿಯಾದ ತುದಿ ಹಿಡಿದೆಳೆದರೆ ಸರ್ರನೆ ಬಿಚ್ಚುತ್ತದೆ; ತಪ್ಪು ತುದಿ ಹಿಡಿದವನಿಗೆ ಕತ್ತರಿಯೇ ಗತಿ. ಧೂಳು ಕೊಡವಿ, ಸೋಪಿನ ನೀರಲ್ಲಿ ತೊಳೆದು, ನೆರಳಲ್ಲೇ ಒಣಗಿಸಬೇಕು. ಬಿಸಿಲುಂಡ ನೇಯ್ಗೆ ಪುಡಿಪುಡಿಯಾಗಿ ಉದುರಿ, ಪ್ರತಿವಾದಿಯ ಮಾತನ್ನೇ ನಿಜ ಮಾಡುತ್ತದೆ. ಕತ್ತರಿಸಿದ ಅಂಚು ಎಳೆ ಬಿಡುವುದರಿಂದ ಎರಡು ಮಡಿಕೆ ಕಡ್ಡಾಯ. ಹೊಲಿಗೆ ದೂರದೂರವಿರಲಿ, ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯಂತೆ ತೂತಿನ ಸಾಲಿನಲ್ಲೇ ಹರಿಯುತ್ತದೆ. ಹಿಡಿಯ ಪಟ್ಟಿಗೆ ನಾಲ್ಕು ಮಡಿಕೆ, ಅದರ ಬುಡಕ್ಕೆ ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ, ಅದನ್ನು ದಾಟುವ ಇನ್ನೊಂದು ಓರೆಗೆರೆ. ಇಸ್ತ್ರಿ ನಿಷಿದ್ಧ: ಸುಮಾರು 160 ಡಿಗ್ರಿಗೆ ಸಿದ್ಧಾಂತವೇ ಕರಗುತ್ತದೆ.

ಈ ಶಾಸ್ತ್ರದ ಭಾಷ್ಯಕಾರರು ಪೀಣ್ಯದಲ್ಲಿದ್ದಾರೆ. ಹಗಲೆಲ್ಲ ಗಾರ್ಮೆಂಟ್ಸಿನಲ್ಲಿ ಪರದೇಶದ ಅಂಗಿಗೆ ಕಾಲರ್ ಹಚ್ಚಿ, ಸಂಜೆ ಮನೆಯ ಮಿಷನ್ನಿನಲ್ಲಿ ಚೀಲ ಹೊಲಿದುಕೊಡುವ ಅಕ್ಕಂದಿರು. ಅವರ ಸೂತ್ರ ಒಂದೇ: ‘ಸೂಜಿ ಮುರಿದ್ರೆ ದುಡ್ಡು ನಿಮ್ದೇ ಸಾರ್.’

ಪ್ರಯೋಜನ

ಇಷ್ಟು ವಿಚಾರದಿಂದ ‘ಗೋದೂರ ನಿಯಮ’ ಸಿದ್ಧವಾಗುತ್ತದೆ: ಹಸುವಿನಿಂದ ದೂರ ಹೋದಷ್ಟೂ ಚೀಲದ ಅಕ್ಷರ ಹೊರಗೆ ಬರುತ್ತದೆ, ಬೆಲೆ ಮೇಲಕ್ಕೆ ಹೋಗುತ್ತದೆ. ಕೊಟ್ಟಿಗೆಯಲ್ಲಿ ಅದು ಕಾಲೊರಸು, ಸಂತೆಯಲ್ಲಿ ಕೈಚೀಲ, ಮಾಲಿನಲ್ಲಿ ಟೋಟ್ ಬ್ಯಾಗ್, ವಿಮಾನ ಹತ್ತಿದರೆ ಕಲಾಕೃತಿ. ನಿಯಮಕ್ಕೆ ಅಪವಾದ ಒಂದೇ, ಹೊಲಿದವರ ಕೂಲಿ. ಚೀಲ ಎಷ್ಟು ದೂರ ಹೋದರೂ ಅದು ಇದ್ದಲ್ಲೇ ಇರುತ್ತದೆ. ಈ ಅಪವಾದವನ್ನು ಮುಂದಿನ ಸಂಶೋಧಕರು ಕೈಗೆತ್ತಿಕೊಳ್ಳಲಿ. ನಮ್ಮ ಕೈ ಸದ್ಯಕ್ಕೆ ಖಾಲಿಯಿಲ್ಲ, ಚೀಲವಿದೆ.