ಕಾಲಂ ಇಲ್ಲದ ರಕ್ತ

ಮಾನ್ವಿ, ದೇವದುರ್ಗದ ಕಡೆಯಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ, ಒಂದು ವಿಷಯದಲ್ಲಾದರೂ ನಮ್ಮ ಜಿಲ್ಲೆ ಹಿಂದುಳಿದಿಲ್ಲ ಎಂಬ ಸಮಾಧಾನ ಸಿಗುತ್ತದೆ: ಮೂಲವ್ಯಾಧಿ. ಗೋಡೆ, ಕರೆಂಟ್ ಕಂಬ, ಮೂತ್ರಿಖಾನೆ, ಎಲ್ಲಿ ನೋಡಿದರೂ 'ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ'. ಗೋಡೆಗಿಲ್ಲದ ನಾಚಿಕೆ ಬಾಣಂತಿಗಿದೆ. ಅದನ್ನು ಮೀರಿ, ಹಿಂದಿನಿಂದ ರಕ್ತ ಹೋಗುತ್ತಿದೆ ಎಂದು ಬಾಯಿಬಿಟ್ಟರೆ ಅತ್ತೆಯಿಂದ ಹಿಡಿದು ನರ್ಸಮ್ಮನವರೆಗೆ ಒಂದೇ ಉತ್ತರ: "ಹಡದ ಮ್ಯಾಲೆ ಎಲ್ಲಾರಿಗೂ ಆಗತದವ್ವ, ಸುಮ್ಕಿರು."

ಆಗತದ, ಸುಳ್ಳಲ್ಲ. ಬಸುರಿನ ಭಾರ, ಹೆರಿಗೆಯ ತಿಣುಕು, ಮಲಬದ್ಧತೆ ಮೂರೂ ಸೇರಿದರೆ ಮೂಲವ್ಯಾಧಿಯೋ ಗುದದ್ವಾರದ ಬಿರುಕೋ ಬರುವುದು ಸಾಮಾನ್ಯ. ಧಾರಾಳ ನೀರು, ಸೊಪ್ಪು-ತರಕಾರಿ, ಉಗುರುಬೆಚ್ಚನೆ ನೀರಲ್ಲಿ ಕೂರುವುದು, ಇಷ್ಟಕ್ಕೇ ಬಹಳಷ್ಟು ಪ್ರಕರಣಗಳು ಕೆಲವೇ ವಾರಗಳಲ್ಲಿ ಮಣಿಯುತ್ತವೆ. ನಮ್ಮ ಬಾಣಂತನ ಬಿಡಬೇಕಲ್ಲ! ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತಿಂದರೆ ಕೂಸಿಗೆ ಭೇದಿ, ಬಾಳೆಹಣ್ಣು ತಿಂದರೆ ನೆಗಡಿ. ಉಳಿದದ್ದು ಅಂಟಿನುಂಡಿ, ಅನ್ನ, ತುಪ್ಪ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲೂ ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ.

ಇದರ ಮೇಲೆ ಸರ್ಕಾರದ ಕಬ್ಬಿಣಾಂಶದ ಗುಳಿಗೆ, ಹೆರಿಗೆಯಾದ ನಂತರವೂ 180 ದಿನ. ಗುಳಿಗೆ ಬೇಕೇ ಬೇಕು, ತಕರಾರಿಲ್ಲ. ಆದರೆ ಅದು ಕೆಲವರಿಗೆ ಮಲ ಗಟ್ಟಿ ಮಾಡುತ್ತದೆ. ಗಟ್ಟಿಯಾದದ್ದು ಬಿರುಕನ್ನು ಕೆದಕುತ್ತದೆ, ರಕ್ತ ಹೋಗುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ, ಇಳಿಯಿತೆಂದು ಇನ್ನೊಂದು ಗುಳಿಗೆ. ಮಲ ಸಡಿಲಾಗಲು ಒಂದು ಸಿರಪ್ ಬರೆಯುವಷ್ಟರಲ್ಲಿ ಪೆನ್ನಿನ ಶಾಯಿ ಮುಗಿದಿರುತ್ತದೆ. ಕಬ್ಬಿಣದಿಂದ ಮಲ ಕಪ್ಪಾಗುವುದೂ ಉಂಟು. ಆಮೇಲೆ ಯಾವ ಬಣ್ಣ ಕಂಡರೂ "ಗುಳಿಗೀದು" ಎಂದುಬಿಟ್ಟರೆ ಕೆಲಸ ಹಗುರ.

ಬಸುರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ತೆಗೆದು ನೋಡಿ. ನಾಡಿ, ಬಿ.ಪಿ., ಜ್ವರ, ಎದೆಹಾಲು, ಹೊಲಿಗೆ, ಮುಂದಿನ ರಕ್ತಸ್ರಾವ, ಕುಟುಂಬ ಯೋಜನೆ, ಎಲ್ಲಕ್ಕೂ ಜಾಗವಿದೆ. ಹಿಂದಿನಿಂದ ಹೋಗುವ ರಕ್ತ 'ದೂರುಗಳು' ಎಂಬ ಚೋಟುದ್ದದ ಮನೆಯೊಳಗೆ ಮುದುಡಿ ಕೂರಬೇಕು. ಆಶಾ ಕಾರ್ಯಕರ್ತೆಯ ಬಾಣಂತನದ ಮನೆಭೇಟಿಯೂ 42ನೇ ದಿನಕ್ಕೆ ಮುಗಿಯುತ್ತದೆ. 43ನೇ ದಿನ ಬೀಳುವ ರಕ್ತ ಬಾಣಂತಿಯ ಖಾಸಗಿ ಆಸ್ತಿ.

ನಿಲ್ಲದ ರಕ್ತವನ್ನು ಮೂಲವ್ಯಾಧಿಯೆಂದು ಊಹಿಸಿ ಬಿಡುವಂತಿಲ್ಲ, ನೋಡಿ ಹೇಳಬೇಕು. ಕೈಗವಸು, ಗುದದ್ವಾರದೊಳಗೆ ನೋಡುವ ಪ್ರಾಕ್ಟೋಸ್ಕೋಪ್, ಒಂದು ಪರದೆ, ಐದು ನಿಮಿಷ. ರಕ್ತ ಮಲದೊಳಗೇ ಬೆರೆತಿದ್ದರೆ, ಲೋಳೆ ಬಂದರೆ, ತೂಕ ಇಳಿದರೆ ಕರುಳಿಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಯ ಮಾತೂ ಬರಬೇಕು. ಕರುಳಿನ ಉರಿಯೂತ, ಅಪರೂಪಕ್ಕೆ ಕ್ಯಾನ್ಸರ್, ವಯಸ್ಸು ಚಿಕ್ಕದೆಂದು ಯಾರನ್ನೂ ಬಿಡವು. ಆದರೆ ನಮ್ಮಲ್ಲಿ ಮೇಜಿನ ಆಚೆಯಿಂದಲೇ, ಸೀರೆಯ ಮೇಲಿಂದಲೇ ರೋಗ ಗುರುತಿಸುವ ದಿವ್ಯದೃಷ್ಟಿ ಬೆಳೆದುಬಿಟ್ಟಿದೆ. ಕಣ್ಣಾರೆ ನೋಡುವ ಡಾಕ್ಟರ್ ಬೇಕೆಂದರೆ ಹೈದರಾಬಾದ್ ಬಸ್ ಹತ್ತಬೇಕು. ಹತ್ತಿದರೂ ಅಷ್ಟು ಹೊತ್ತು ಆ ಸೀಟಿನ ಮೇಲೆ ಕೂರುವವರು ಯಾರು?

ಸತ್ತರೆ ಮಾತ್ರ ಗೌರವವಿದೆ. 2024ರಲ್ಲಿ ಪಕ್ಕದ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗ ತನಿಖೆ, ಅಮಾನತು, ಮಂತ್ರಿಗಳ ಭೇಟಿ ಎಲ್ಲ ಆಯಿತು. ಬದುಕಿಕೊಂಡೇ ರಕ್ತ ಸುರಿಸುವವಳಿಗೆ ಯಾವ ಸಮಿತಿ?

ಏಮ್ಸ್ ಬೇಕೆಂದು ರಾಯಚೂರು 2022ರ ಮೇ ತಿಂಗಳಲ್ಲಿ ಧರಣಿ ಹೂಡಿ ಸಾವಿರ ದಿನ ದಾಟಿಸಿತು. ನ್ಯಾಯವಾದ ಬೇಡಿಕೆ, ಬರಲಿ. ಅಲ್ಲಿಯವರೆಗೆ ಆ ಪರದೆ, ಆ ಐದು ನಿಮಿಷ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಕ್ಕರೆ ಅಡ್ಡಿಯಿಲ್ಲ. ನಮ್ಮ ಬಾಣಂತಿಯೂ ಟೆಂಟಿಗೆ ಬಂದು ಬೆಂಬಲ ಕೊಡುತ್ತಿದ್ದಳು. ಆದರೆ ಧರಣಿಯಲ್ಲಿ ಕೂರಲೇಬೇಕಂತೆ.