ಹಿಂದಿನ ಸೀಟಿನ ಸರ್ಕಾರ

ಗಡಹಿಂಗ್ಲಜದಿಂದ ಕೊಲ್ಹಾಪುರ ನೋಡಲು ಹೊರಟಾಗ ಬೈಕಿನ ಹ್ಯಾಂಡಲ್ ನನ್ನ ಕೈಯಲ್ಲಿತ್ತು, ಅಧಿಕಾರ ಹಿಂದಿನ ಸೀಟಿನಲ್ಲಿತ್ತು. "ರೀ, ಸಾವಕಾಶ!" ಎಂಬ ಅಪ್ಪಣೆ ಸಿಗ್ನಲ್‌ನಲ್ಲಿ ನಿಂತಾಗಲೂ ತಪ್ಪಲಿಲ್ಲ.

ಅಂಬಾಬಾಯಿ ಗುಡಿಗೆ ಗಾಡಿ ದೂರ ನಿಲ್ಲಿಸಿ ನಡೆಯಬೇಕು. ದೇವಿಯ ದರ್ಶನ ಬೇಗ ಮುಗಿಯಿತು. ಮಹಾದ್ವಾರ ರಸ್ತೆಯ ಸೀರೆಗಳ ದರ್ಶನ ಮುಗಿಯಲೊಲ್ಲದು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ತೋರಿಸುತ್ತೇನೆಂದೆ. "ಮನ್ಯಾಗ ದಿನಾ ನೋಡೂದು ಸಾಲದೇನ್ರಿ?" ಅಂದಳು. 1884ರಲ್ಲಿ ಮುಗಿದ ಹೊಸ ಅರಮನೆಯನ್ನು ಕಂಡು, "ಇಷ್ಟ ಕೋಲಿ ಕಸಾ ಹೊಡಿಯಾವ್ರ ಯಾರು?" ಎಂದು ನಿಟ್ಟುಸಿರು ಬಿಟ್ಟಳು. ಇತಿಹಾಸಕಾರರು ಈ ಪ್ರಶ್ನೆ ಕೇಳಿದ್ದು ಕಡಿಮೆ.

ಮಿಸಳ ತಿಂದು, ಕಣ್ಣೀರೊರೆಸಿಕೊಂಡು ಚಪ್ಪಲಿ ಅಂಗಡಿಗೆ ನುಗ್ಗಿದೆವು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಪಾಲಿದೆ. ಆ ಪಾಲು ಅಂಗಡಿಯೊಳಗೇ ಕೂತಿತ್ತು! ನಾನು ಠೀವಿಯಿಂದ ಮರಾಠಿಯಲ್ಲಿ ಚೌಕಾಸಿ ಮಾಡುತ್ತ, ಇವಳ ಕಿವಿಯಲ್ಲಿ, "ಸುಮ್ನ ಎದ್ದ ಹೊಂಟಂಗ ಮಾಡು, ತಾನ ಇಳಸ್ತಾನ" ಎಂದೆ. ಅಂಗಡಿಯವ ನಕ್ಕು, "ಇಳಸಂಗಿಲ್ರಿ ಅಕ್ಕಾರ, ನಮ್ಮೂರ ಅಥಣಿ" ಅಂದ. ಹೇಳಿದಷ್ಟು ಕೊಟ್ಟೆವು.

ರಂಕಾಳಾ ದಂಡೆಯಲ್ಲಿ ಭೇಳ್ ತಿನ್ನುವಾಗ ಮುಂದಿನ ಐತವಾರದ ಹುಕುಂ ಹೊರಬಿತ್ತು: "ಇಚಲಕರಂಜಿಗೆ ಹೋಗೂಣ್ರಿ. ಬರೇ ಮಗ್ಗಾ ನೋಡಿ ಬರೂದು." ಬೈಕಿಗೆ ದೊಡ್ಡ ಡಿಕ್ಕಿ ಹಾಕಿಸಲು ಮೆಕ್ಯಾನಿಕ್‌ಗೆ ಆಗಲೇ ಫೋನ್ ಹಚ್ಚಿದೆ.